ಪಿ.ಡಿ. ಸರ್ ನಿವೃತ್ತಿಯಾದ ಮೇಲೆ

ನಮ್ಮ ಕಡೆಯ ಪದವಿ ಕಾಲೇಜುಗಳಲ್ಲಿ ಪ್ರಾಚಾರ್ಯರಿರುತ್ತಾರೆ, ಪ್ರಾಧ್ಯಾಪಕರಿರುತ್ತಾರೆ, ಗ್ರಂಥಪಾಲಕರಿರುತ್ತಾರೆ. ‘ನಿರ್ದೇಶಕ’ ಎಂಬ ದೊಡ್ಡ ಹೆಸರು ಮಾತ್ರ ಒಬ್ಬರಿಗೇ ಮೀಸಲು. ಅವರು ದೈಹಿಕ ಶಿಕ್ಷಣ ನಿರ್ದೇಶಕರು. ನಿರ್ದೇಶಿಸಲು ಅವರ ಕೈಕೆಳಗೆ ಬಹುತೇಕ ಯಾರೂ ಇರುವುದಿಲ್ಲ ಎಂಬುದು ಬೇರೆ ಮಾತು. ಒಂದು ಮೈದಾನ, ಅದರ ಮೂಲೆಗೊಂದು ಕೋಣೆ, ಕೋಣೆಯಲ್ಲಿ ಗಾಳಿ ಹೋದ ಚೆಂಡುಗಳು, ಸುಣ್ಣದ ಪುಡಿಯ ಚೀಲ, ಹರಿದ ವಾಲಿಬಾಲ್ ನೆಟ್ಟು, ಒಂದು ದಾಸ್ತಾನು ವಹಿ. ಇಷ್ಟೇ ಅವರ ಸಂಸ್ಥಾನ. ವಿದ್ಯಾರ್ಥಿಗಳಿಗೆ ಅವರು ಪಿ.ಡಿ. ಸರ್. ಹಳ್ಳಿಯಿಂದ ಬರುವ ತಂದೆತಾಯಿಗಳಿಗೆ ಆಟದ ಮಾಸ್ತರ.

ಬೈಲಹೊಂಗಲ ಸೀಮೆಯ ಒಂದು ಕಾಲೇಜಿನಲ್ಲಿ ನಾನು ಇತಿಹಾಸ ಕಲಿಸುತ್ತೇನೆ. ಕಿತ್ತೂರು, ಸವದತ್ತಿ, ರಾಮದುರ್ಗದ ಹಳ್ಳಿಗಳಿಂದಲೂ ಹುಡುಗ ಹುಡುಗಿಯರು ನಮ್ಮಲ್ಲಿಗೆ ಬರುತ್ತಾರೆ. ನಮ್ಮ ಪಿ.ಡಿ. ಸರ್ ವಯೋನಿವೃತ್ತಿ ಹೊಂದಿದಾಗ ಶಾಲು, ಹಾರ, ಹಣ್ಣಿನ ಬುಟ್ಟಿ, ಭಾಷಣ ಎಲ್ಲವೂ ಆದವು. ಆಗದೆ ಉಳಿದದ್ದು ಒಂದೇ, ಅವರ ಜಾಗಕ್ಕೆ ಇನ್ನೊಬ್ಬರ ನೇಮಕ. ‘ಮುಂದಿನ ಆದೇಶದವರೆಗೆ’ ಎಂಬ ಒಕ್ಕಣೆಯೊಂದಿಗೆ ಕ್ರೀಡಾ ವಿಭಾಗದ ಪ್ರಭಾರ ನನ್ನ ಹೆಗಲಿಗೆ ಬಂತು. “ಹೆಂಗೂ ನೀವು ಯುದ್ಧದ ಪಾಠ ಮಾಡವ್ರು, ಮೈದಾನ ನಿಮಗೇನ ಹೊಸದಲ್ಲ ಬಿಡ್ರಿ” ಎಂದು ಸಹೋದ್ಯೋಗಿಯೊಬ್ಬರು ನಕ್ಕರು.

ಕೀಲಿಯ ಜೊತೆಗೆ ದಾಸ್ತಾನು ವಹಿಯೂ ನನ್ನ ಕೈಗೆ ಬಂತು. ಪ್ರತಿ ಡಿಸ್ಕು, ಪ್ರತಿ ಗುಂಡು, ಪ್ರತಿ ಜೊತೆ ಬೂಟಿನ ಲೆಕ್ಕ ಅದರಲ್ಲಿದೆ. ಖರೀದಿಯಾದ ತಾರೀಖು, ಬೆಲೆ, ಕೊನೆಗೆ ‘ನಿರುಪಯುಕ್ತ’ ಎಂಬ ಷರಾ. ಆದರೆ ಮೊದಲ ವಾರವೇ ಹುಡುಗರು ಬಂದು ಕೇಳಿದ ಒಂದು ಪ್ರಶ್ನೆಗೂ ಅದರಲ್ಲಿ ಉತ್ತರವಿರಲಿಲ್ಲ. ಅಂತರ ಕಾಲೇಜು ಓಟಕ್ಕೆ ಯಾರನ್ನು ಕಳಿಸಬೇಕು, ಯಾರ ಮೊಣಕಾಲಿಗೆ ಪೆಟ್ಟಾಗಿದೆ, ಯಾವ ಹುಡುಗಿಯ ಅಪ್ಪನನ್ನು ಮನೆಗೇ ಹೋಗಿ ಒಪ್ಪಿಸಬೇಕು, ಯಾವ ಹುಡುಗ ಬೆಳಗ್ಗೆ ಹಾಲು ಹಾಕಿಯೇ ಮೈದಾನಕ್ಕೆ ಬರಬೇಕು. ಇದೆಲ್ಲ ಆ ಮನುಷ್ಯನ ತಲೆಯಲ್ಲಿತ್ತು. ತಲೆ ನಿವೃತ್ತಿಯಾಗಿ ಮನೆಗೆ ಹೋಗಿತ್ತು, ವಹಿ ನನ್ನ ಮೇಜಿನ ಮೇಲಿತ್ತು.

ಇತಿಹಾಸದವನ ಚಾಳಿ. ಕೆಲಸ ಬರದಿದ್ದರೆ ಕೆಲಸದ ಚರಿತ್ರೆಯನ್ನಾದರೂ ಹುಡುಕೋಣ ಎಂದು ಕೂತೆ. ಈ ‘ನಿರ್ದೇಶಕ’ ನಮ್ಮ ಮೈದಾನಗಳಿಗೆ ಎಲ್ಲಿಂದ ಬಂದ?

ಜಾಡು ಹಿಡಿದು ಹೋದರೆ ಅದು ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿಗೆ ಮುಟ್ಟುತ್ತದೆ. ವೈ.ಎಂ.ಸಿ.ಎ. ಸಂಸ್ಥೆಯು ತನ್ನ ಶಾಖೆಗಳಲ್ಲಿ ವ್ಯಾಯಾಮ ನೋಡಿಕೊಳ್ಳುವವರನ್ನು ‘ಫಿಜಿಕಲ್ ಡೈರೆಕ್ಟರ್’ ಎಂದು ಕರೆಯುತ್ತಿತ್ತು. ಅಂಥವರನ್ನು ತಯಾರು ಮಾಡುವ ಶಾಲೆ ಸ್ಪ್ರಿಂಗ್‌ಫೀಲ್ಡಿನಲ್ಲಿತ್ತು. 1891ರ ಡಿಸೆಂಬರಿನಲ್ಲಿ ಜೇಮ್ಸ್ ನೈಸ್ಮಿತ್ ಎಂಬ ಅಧ್ಯಾಪಕ ಬುಟ್ಟಿ ಕಟ್ಟಿ ಬಾಸ್ಕೆಟ್‌ಬಾಲ್ ಎಂಬ ಹೊಸ ಆಟ ಹೂಡಿದ್ದು ಇಲ್ಲಿಯೇ. ಮರುವರ್ಷ ಮಾರ್ಚಿನಲ್ಲಿ ಸಾರ್ವಜನಿಕರ ಎದುರು ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಮೊದಲ ಪಂದ್ಯವಾಯಿತು. ವಿದ್ಯಾರ್ಥಿಗಳು 5–1ರಿಂದ ಗೆದ್ದರು. ಅಧ್ಯಾಪಕರ ಆ ಒಂದು ಅಂಕ ಗಳಿಸಿದವನು ಅಮೋಸ್ ಅಲೋಂಜೊ ಸ್ಟ್ಯಾಗ್.

ಈ ಸ್ಟ್ಯಾಗ್‌ನ ಹೆಸರು ನೆನಪಿರಲಿ. ಯೇಲ್‌ನಲ್ಲಿ ಅವನಿಗೆ ಬೈಬಲ್ ಕಲಿಸಿದ್ದ ವಿಲಿಯಂ ರೇನಿ ಹಾರ್ಪರ್ ಶಿಕಾಗೊ ವಿಶ್ವವಿದ್ಯಾಲಯದ ಮೊದಲ ಅಧ್ಯಕ್ಷನಾದ. 1892ರಲ್ಲಿ ವಿಶ್ವವಿದ್ಯಾಲಯ ಬಾಗಿಲು ತೆರೆದಾಗ ಸ್ಟ್ಯಾಗ್‌ನನ್ನು ದೈಹಿಕ ಶಿಕ್ಷಣ ವಿಭಾಗದ ನಿರ್ದೇಶಕನಾಗಿ ಕರೆಸಿಕೊಂಡ. ಬರೀ ತರಬೇತುದಾರನಾಗಿ ಅಲ್ಲ, ಕಾಯಂ ಹುದ್ದೆಯ ಸಹ ಪ್ರಾಧ್ಯಾಪಕನಾಗಿ. ಗ್ರೀಕ್ ಕಲಿಸುವವನಿಗೂ ಓಟ ಕಲಿಸುವವನಿಗೂ ಒಂದೇ ಪಂಕ್ತಿ. ಆ ಕಾಲಕ್ಕೆ ಇದು ಸಣ್ಣ ಮಾತಲ್ಲ.

ಅದೇ ಸ್ಪ್ರಿಂಗ್‌ಫೀಲ್ಡಿನಲ್ಲಿ ಮುಂದೆ ಓದಿದ ಹ್ಯಾರಿ ಕ್ರೋ ಬಕ್ ಮದರಾಸಿಗೆ ಬಂದರು. 1920ರಲ್ಲಿ ಅಲ್ಲಿ ವೈ.ಎಂ.ಸಿ.ಎ. ದೈಹಿಕ ಶಿಕ್ಷಣ ಶಾಲೆ ತೆರೆದರು. ಭಾರತದಲ್ಲಿ ಈ ವಿಷಯಕ್ಕೇ ಮೀಸಲಾದ ಮೊದಲ ಶಿಕ್ಷಣ ಸಂಸ್ಥೆ ಅದು. 1924ರ ಪ್ಯಾರಿಸ್ ಒಲಿಂಪಿಕ್ಸ್‌ಗೆ ಹೋದ ಭಾರತ ತಂಡದ ಮ್ಯಾನೇಜರ್ ಕೂಡ ಬಕ್ ಅವರೇ. 1943ರಲ್ಲಿ ಅವರು ತೀರಿಕೊಳ್ಳುವ ಹೊತ್ತಿಗೆ ‘ಫಿಜಿಕಲ್ ಡೈರೆಕ್ಟರ್’ ಎಂಬ ಪದ ದಕ್ಷಿಣದ ಕಾಲೇಜುಗಳಲ್ಲಿ ಬೇರೂರಿತ್ತು. ನಮ್ಮ ಬೆಳಗಾವಿ ಜಿಲ್ಲೆ ಆಗ ಮುಂಬಯಿ ಪ್ರಾಂತಕ್ಕೆ ಸೇರಿತ್ತು, ರಾಮದುರ್ಗವಂತೂ ಭಾವೆ ಮನೆತನದ ಬೇರೆಯೇ ಸಂಸ್ಥಾನ. ಮುಂಬಯಿ ಸರ್ಕಾರ 1938ರಲ್ಲಿ ಕಾಂದಿವಲಿಯಲ್ಲಿ ತನ್ನದೇ ತರಬೇತಿ ಸಂಸ್ಥೆ ತೆರೆಯಿತು. ಅದರ ಪ್ರಾಚಾರ್ಯ ಪಿ.ಎಂ. ಜೋಸೆಫ್ ಅವರೇ ಮುಂದೆ 1957ರಲ್ಲಿ ಗ್ವಾಲಿಯರಿನ ಲಕ್ಷ್ಮೀಬಾಯಿ ಕಾಲೇಜಿನ ಮೊದಲ ಪ್ರಾಚಾರ್ಯರಾದರು. ಹೀಗೆ ಸ್ಪ್ರಿಂಗ್‌ಫೀಲ್ಡಿನ ಪದವೊಂದು ಮದರಾಸು, ಮುಂಬಯಿ ಸುತ್ತಿ ನಮ್ಮ ಕಾಲೇಜುಗಳ ಕೋಣೆಯ ಫಲಕದ ಮೇಲೆ ಬಂದು ಕೂತಿತು.

ನಿರ್ದೇಶಕರು ಬರುವ ಮೊದಲು ನಮ್ಮವರು ಓಡುತ್ತಿರಲಿಲ್ಲ ಎಂದು ಯಾರೂ ತಿಳಿಯಬೇಕಿಲ್ಲ. ಬಕ್ ಅವರ ಶಾಲೆ ಶುರುವಾದ ಅದೇ 1920ರಲ್ಲಿ ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ ಬೆಲ್ಜಿಯಮ್ಮಿನ ಆ್ಯಂಟ್ವರ್ಪ್ ಒಲಿಂಪಿಕ್ಸ್‌ನಲ್ಲಿ ಮ್ಯಾರಥಾನ್ ಓಡಿದರು. ಆ ಸಲದ ಮ್ಯಾರಥಾನ್ ಇಂದಿನದಕ್ಕಿಂತ ಉದ್ದ, 42.75 ಕಿ.ಮೀ. ಇತ್ತು. 2 ಗಂಟೆ 50 ನಿಮಿಷ 45 ಸೆಕೆಂಡಿನಲ್ಲಿ ಮುಗಿಸಿ 19ನೆಯವರಾದರು. ಪುಣೆಯ ಡೆಕ್ಕನ್ ಜಿಮಖಾನಾದ ಸ್ಪರ್ಧೆಗಳಲ್ಲಿ ಬರಿಗಾಲಲ್ಲಿ ಓಡುವ ರೈತ ಹುಡುಗರನ್ನು ಕಂಡು ಬೆರಗಾದ ದೊರಾಬ್ಜಿ ಟಾಟಾ ಈ ತಂಡವನ್ನು ಕಳಿಸಲು ಓಡಾಡಿದವರು. ಬೆಳಗಾವಿಯಲ್ಲಿ ಚೌಗುಲೆಯವರ ಹೆಸರು ಕೇಳಿದರೆ ಇಂದು ಎಷ್ಟು ಜನ ವಿದ್ಯಾರ್ಥಿಗಳು ಗುರುತು ಹಿಡಿದಾರು? ನನ್ನ ತರಗತಿಯಲ್ಲಿ ಕೇಳಿ ನೋಡಿದೆ. ಒಂದು ಕೈಯೂ ಮೇಲೇಳಲಿಲ್ಲ.

ಹಾರ್ಪರ್ ಒಂದು ನೇಮಕದಲ್ಲಿ ಮುಗಿಸಿದ ಮಾತು, ಅಂದರೆ ಮೈದಾನದಲ್ಲಿ ಕಲಿಸುವವನೂ ಶಿಕ್ಷಕನೇ ಎಂಬುದು, ನಮ್ಮಲ್ಲಿ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಬೇಕಾಯಿತು. ಅದು ಎದ್ದದ್ದೂ ನಿವೃತ್ತಿಯ ನೆಪದಲ್ಲಿಯೇ. ಆಂಧ್ರಪ್ರದೇಶ ಕೃಷಿ ವಿಶ್ವವಿದ್ಯಾಲಯದಲ್ಲಿ ಶಿಕ್ಷಕರಿಗೆ ನಿವೃತ್ತಿ ವಯಸ್ಸು 60, ಉಳಿದವರಿಗೆ 58. ಅಲ್ಲಿನ ದೈಹಿಕ ನಿರ್ದೇಶಕರೊಬ್ಬರನ್ನು 58ಕ್ಕೇ ಮನೆಗೆ ಕಳಿಸಲು ವಿಶ್ವವಿದ್ಯಾಲಯ ಹೊರಟಿತು. ನೀವು ತರಗತಿಯಲ್ಲಿ ಪಾಠ ಹೇಳುವವರಲ್ಲ, ಹಾಗಾಗಿ ಶಿಕ್ಷಕರಲ್ಲ ಎಂಬುದು ವಾದ. ಅವರು ಬಿಡಲಿಲ್ಲ. 1997ರಲ್ಲಿ ಸುಪ್ರೀಂ ಕೋರ್ಟು ಅವರ ಪರವಾಗಿ ತೀರ್ಪು ಕೊಟ್ಟಿತು. ಆಟದ ನಿಯಮ, ಕೌಶಲ, ಅಭ್ಯಾಸ ಹೇಳಿಕೊಡುವುದು ಕಲಿಸುವಿಕೆಯೇ. ನಾಲ್ಕು ಗೋಡೆಗಳ ನಡುವೆ ಹೇಳದಿದ್ದರೂ, ಬಯಲಲ್ಲಿ ಹೇಳಿದರೂ ಅದು ಪಾಠವೇ. ಎರಡು ವರ್ಷದ ಸಂಬಳಕ್ಕಾಗಿ ನಡೆದ ಜಗಳದಂತೆ ಕಂಡರೂ ಅದರ ಒಳಗಿದ್ದದ್ದು ದೊಡ್ಡ ಪ್ರಶ್ನೆ. ಈ ಮನುಷ್ಯ ವಿಶ್ವವಿದ್ಯಾಲಯದ ಒಳಗಿನವನೋ, ಬೇಲಿಯ ಹೊರಗಿನವನೋ?

ಬಹುಶಃ ಪ್ರತಿ ನಿವೃತ್ತಿಯೂ ಇಂಥದೊಂದು ಪ್ರಶ್ನೆಯನ್ನು ಮೇಲೆತ್ತುತ್ತದೆ. ಮನುಷ್ಯ ಕುರ್ಚಿಯಲ್ಲಿ ಕೂತಿರುವವರೆಗೆ ಕುರ್ಚಿ ಯಾಕಿದೆ ಎಂದು ಯಾರೂ ಕೇಳುವುದಿಲ್ಲ. ಇದಕ್ಕೆ ಸ್ಟ್ಯಾಗ್‌ನ ಕಥೆಯಷ್ಟು ಒಳ್ಳೆಯ ನಿದರ್ಶನ ನನಗೆ ಸಿಕ್ಕಿಲ್ಲ.

ಸ್ಟ್ಯಾಗ್ ಶಿಕಾಗೊದಲ್ಲಿ ನಲವತ್ತು ವರ್ಷ ನಿಂತ. ಕೈಯಲ್ಲಿ ಚೆಂಡು ಹಿಡಿದು ಓಡುವ ಅಮೆರಿಕದ ಫುಟ್‌ಬಾಲಿಗೆ ರೂಪ ಕೊಟ್ಟವರಲ್ಲಿ ಅವನೊಬ್ಬ. ಆಟಗಾರರ ಎದುರು ಒಂದು ಕೆಟ್ಟ ಮಾತಾಡುತ್ತಿರಲಿಲ್ಲ, ಕುಡಿತ ಸಿಗರೇಟು ದೂರ. ವಿಶ್ವವಿದ್ಯಾಲಯದ ಮೈದಾನಕ್ಕೇ ಅವನ ಹೆಸರಿಟ್ಟರು, ಸ್ಟ್ಯಾಗ್ ಫೀಲ್ಡ್ ಎಂದು. 1932ರ ಆಗಸ್ಟಿನಲ್ಲಿ ಅವನಿಗೆ 70 ತುಂಬಿತು. ನಿಯಮದ ಪ್ರಕಾರ ಅದು ನಿವೃತ್ತಿಯ ವಯಸ್ಸು. ಆಗ ಅಧ್ಯಕ್ಷನಾಗಿದ್ದವನು ರಾಬರ್ಟ್ ಮೇನಾರ್ಡ್ ಹಚಿನ್ಸ್. 1929ರಲ್ಲಿ ಆ ಹುದ್ದೆಗೆ ಬಂದಾಗ ಅವನಿಗೆ 30 ವರ್ಷ, ಸ್ಟ್ಯಾಗ್ ಆಗಲೇ ಶಿಕಾಗೊದಲ್ಲಿ ಅದಕ್ಕಿಂತ ಹೆಚ್ಚು ಕಾಲ ಕಳೆದಿದ್ದ. ಹಚಿನ್ಸ್ ಮಹಾಗ್ರಂಥಗಳ ಓದಿನ ಮನುಷ್ಯ. ವಿಶ್ವವಿದ್ಯಾಲಯ ಇರುವುದು ಓದುವುದಕ್ಕೆ ಎಂದು ನಂಬಿದವನು. ಸ್ಟ್ಯಾಗ್‌ಗೆ ಸಲಹೆಗಾರನಂಥ ಬೇರೊಂದು ಸ್ಥಾನ ಕೊಡಲು ಬಂದರು. ತೋಳಲ್ಲಿ ಶಕ್ತಿಯಿರುವಾಗ ಕೂತು ತಿನ್ನಲಾರೆ ಎಂದು ಆತ ಒಪ್ಪಲಿಲ್ಲ. ಕ್ಯಾಲಿಫೋರ್ನಿಯಾದ ಒಂದು ಸಣ್ಣ ಕಾಲೇಜಿಗೆ ಹೋಗಿ ಮತ್ತೆ ತರಬೇತಿ ಶುರು ಮಾಡಿದ. 1943ರಲ್ಲಿ, 81ನೆಯ ವಯಸ್ಸಿಗೆ, ದೇಶದ ಆ ವರ್ಷದ ಅತ್ಯುತ್ತಮ ತರಬೇತುದಾರ ಎನಿಸಿಕೊಂಡ. 1965ರಲ್ಲಿ ತೀರಿಕೊಂಡಾಗ ಅವನಿಗೆ 102.

ಇತ್ತ ಶಿಕಾಗೊದಲ್ಲಿ ಉತ್ತರಾಧಿಕಾರಿಯ ಹುಡುಕಾಟ. ಅಯೋವಾ ಸ್ಟೇಟ್ ಕಾಲೇಜಿನಲ್ಲಿ ಕ್ರೀಡಾ ನಿರ್ದೇಶಕನಾಗಿದ್ದ ಥಾಮಸ್ ನೆಲ್ಸನ್ ಮೆಟ್‌ಕಾಫ್‌ನನ್ನು ಕರೆತಂದರು. ಫುಟ್‌ಬಾಲ್ ತರಬೇತಿಗೆ ಬೇರೆಯವನು, ಕ್ಲಾರ್ಕ್ ಶಾನೆಸಿ. ಒಬ್ಬ ಮುದುಕನ ಜಾಗಕ್ಕೆ ಇಬ್ಬರು. ಇಬ್ಬರೂ ಅಸಮರ್ಥರಲ್ಲ. 1935ರಲ್ಲಿ ಅತ್ಯುತ್ತಮ ಆಟಗಾರನಿಗೆ ಕೊಡುವ, ಮುಂದೆ ಹೈಸ್‌ಮನ್ ಎಂದು ಹೆಸರಾದ ಪಾರಿತೋಷಕ ಮೊದಲ ಬಾರಿಗೆ ಶಿಕಾಗೊದ ಜೇ ಬರ್ವ್ಯಾಂಗರ್‌ಗೇ ಬಂತು. ಆದರೆ ಬುಡ ಸಡಿಲವಾಗಿತ್ತು. 1939ರಲ್ಲಿ ಮಿಶಿಗನ್ ತಂಡದ ಎದುರು 85–0ರಿಂದ ಸೋತರು. ಆ ಡಿಸೆಂಬರಿನಲ್ಲಿ ವಿಶ್ವವಿದ್ಯಾಲಯ ಫುಟ್‌ಬಾಲನ್ನೇ ಕೈಬಿಟ್ಟಿತು. ನಲವತ್ತು ವರ್ಷದ ಸಂಪ್ರದಾಯ ಸ್ಟ್ಯಾಗ್ ಹೋದ ಏಳು ವರ್ಷಕ್ಕೆ ಮುಗಿಯಿತು. ಆಟವಿಲ್ಲದ ಸ್ಟ್ಯಾಗ್ ಫೀಲ್ಡಿನ ಗ್ಯಾಲರಿ ಖಾಲಿ ಬಿದ್ದಿತ್ತು. ಅದರ ಕೆಳಗಿನ ಒಳಾಂಗಣ ಅಂಕಣದಲ್ಲಿ 1942ರ ಡಿಸೆಂಬರ್ 2ರಂದು ಎನ್ರಿಕೊ ಫರ್ಮಿ ಮತ್ತು ಸಂಗಡಿಗರು ಜಗತ್ತಿನ ಮೊದಲ ನಿಯಂತ್ರಿತ ಪರಮಾಣು ಸರಣಿ ಕ್ರಿಯೆ ನಡೆಸಿದರು. ಖಾಲಿ ಬಿಟ್ಟ ಮೈದಾನದಲ್ಲಿ ಏನು ಬೆಳೆಯುತ್ತದೆ ಎಂದು ಮುಂಚೆ ಹೇಳಲಾಗದು.

ಹಚಿನ್ಸ್‌ನನ್ನು ಖಳನಾಯಕ ಮಾಡುವುದು ಸುಲಭ. ನಾನು ಹಾಗೆ ಮಾಡಲಾರೆ. ಅಮೆರಿಕದ ಕಾಲೇಜು ಫುಟ್‌ಬಾಲ್ ಆಗಲೇ ಟಿಕೆಟು ಮಾರಾಟದ ದೊಡ್ಡ ವ್ಯಾಪಾರವಾಗಿತ್ತು. ಓದು ಬರದ ಆಟಗಾರರನ್ನು ಆಟಕ್ಕಾಗಿಯೇ ಸೇರಿಸಿಕೊಳ್ಳುವ ಚಟವೂ ಬೆಳೆದಿತ್ತು. ಅದಕ್ಕೆ ಒಬ್ಬ ಅಧ್ಯಕ್ಷ ಬೇಡ ಎಂದದ್ದರಲ್ಲಿ ನ್ಯಾಯವಿದೆ. ನನಗೆ ಕಾಣುವುದು ಬೇರೆ. ಸ್ಟ್ಯಾಗ್ ಇದ್ದಷ್ಟು ಕಾಲ ಹಚಿನ್ಸ್‌ಗೂ ಆ ಮಾತು ಆಡಿ ನಡೆಸಲು ಆಗಲಿಲ್ಲ. ಅವನು ಹೋಗುವವರೆಗೆ ಕಾಯಬೇಕಾಯಿತು. ‘ಮುಂದೆ ಯಾರು’ ಎಂಬ ಪ್ರಶ್ನೆಯ ಹೊಟ್ಟೆಯಲ್ಲಿ ‘ಇದು ಮುಂದುವರಿಯಬೇಕೇ’ ಎಂಬ ಇನ್ನೊಂದು ಪ್ರಶ್ನೆ ಇರುತ್ತದೆ. ಮೊದಲನೆಯದನ್ನು ಎಲ್ಲರೂ ಗಟ್ಟಿಯಾಗಿ ಕೇಳುತ್ತಾರೆ, ಎರಡನೆಯದನ್ನು ಅಧಿಕಾರದಲ್ಲಿರುವವರು ಮನಸ್ಸಿನಲ್ಲೇ ಕೇಳಿಕೊಂಡು ಮುಗಿಸುತ್ತಾರೆ.

ಈ ಮಾತು ಬೈಲಹೊಂಗಲದವರಿಗೆ ವಿವರಿಸಿ ಹೇಳಬೇಕಿಲ್ಲ. ನಮ್ಮ ಸುತ್ತಿನ ಚರಿತ್ರೆಯೆಲ್ಲ ವಾರಸುದಾರರ ಚರಿತ್ರೆಯೇ. 1824ರ ಸೆಪ್ಟೆಂಬರ್ 11ರಂದು ಕಿತ್ತೂರಿನ ದೊರೆ ಶಿವಲಿಂಗರುದ್ರಸರ್ಜ ಮಕ್ಕಳಿಲ್ಲದೆ ತೀರಿಕೊಂಡ. ಸಾಯುವ ಮುನ್ನ ಮಾಸ್ತಮರಡಿಯ ಗೌಡರ ಮನೆಯ ಹುಡುಗನನ್ನು ದತ್ತು ತೆಗೆದುಕೊಂಡಿದ್ದಾನೆ ಎಂದು ಸಂಸ್ಥಾನದವರು ಹೇಳಿದರು. ಧಾರವಾಡದ ಕಲೆಕ್ಟರ್ ಸೇಂಟ್ ಜಾನ್ ಥ್ಯಾಕರೆ, ಇಂಗ್ಲಿಷ್ ಕಾದಂಬರಿಕಾರ ಥ್ಯಾಕರೆಯ ಚಿಕ್ಕಪ್ಪ, ಅದನ್ನು ನಂಬಲಿಲ್ಲ. ಪತ್ರ ಯಾವಾಗ ಬರೆದದ್ದು, ಸಹಿ ನಿಜವೇ ಎಂದು ತೆಗೆದ. ಮೇಲ್ನೋಟಕ್ಕೆ ಇದು ಕಾಗದಪತ್ರದ ತಕರಾರು. ಒಳಗಿದ್ದದ್ದು ಕಿತ್ತೂರು ಇರಬೇಕೇ ಬೇಡವೇ ಎಂಬುದು. ಉತ್ತರ ಅಕ್ಟೋಬರ್ 23ರಂದು ಕೋಟೆಯ ಬಾಗಿಲಲ್ಲಿ ಸಿಕ್ಕಿತು, ಅಮಟೂರು ಬಾಳಪ್ಪನ ಗುಂಡಿಗೆ ಥ್ಯಾಕರೆ ಬಿದ್ದ. ಡಿಸೆಂಬರಿನಲ್ಲಿ ಕಂಪನಿಯ ದೊಡ್ಡ ಸೈನ್ಯ ಬಂತು. ಚೆನ್ನಮ್ಮ ನಮ್ಮ ಬೈಲಹೊಂಗಲದ ಕೋಟೆಯಲ್ಲಿ ಸೆರೆಯಾಗಿದ್ದು 1829ರಲ್ಲಿ ತೀರಿಕೊಂಡಳು. ಅವಳ ಸಮಾಧಿ ಇಲ್ಲಿಯೇ ಇದೆ. ಮುಂದೆ ನರಗುಂದದ ಬಾಬಾಸಾಹೇಬ ಭಾಸ್ಕರರಾವ್ ಭಾವೆಗೆ ದತ್ತಕ ನಿರಾಕರಿಸಿದಾಗಲೂ ಇದೇ ಆಯಿತು. 1858ರ ಮೇ ತಿಂಗಳಲ್ಲಿ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ ಕೊಲೆಯಾದದ್ದು ರಾಮದುರ್ಗ ತಾಲೂಕಿನ ಸುರೇಬಾನದಲ್ಲಿ.

ಒಂದು ಕಾಲೇಜಿನ ಖಾಲಿ ಹುದ್ದೆಯನ್ನು ಕಿತ್ತೂರಿನ ಪಕ್ಕ ಇಟ್ಟು ತೂಗಿದರೆ ಓದುಗರು ನಕ್ಕಾರು. ತೂಗುತ್ತಿಲ್ಲ. ಇಲ್ಲಿ ಯಾರೂ ತೋಪು ಹಾರಿಸಿಲ್ಲ, ಬೊಕ್ಕಸಕ್ಕೆ ಮೊಹರು ಒತ್ತಿಲ್ಲ. ಆದರೆ ಖಾಲಿಯಾದ ಜಾಗವನ್ನು ಖಾಲಿಯೇ ಬಿಡುವುದೂ ಒಂದು ತೀರ್ಮಾನ ಎಂಬುದನ್ನು ನಮ್ಮ ಸೀಮೆ ಬೇಗ ಕಲಿತಿದೆ. ಇನ್ನೊಂದು ಬಗೆಯ ಉತ್ತರವೂ ಇದೇ ಸೀಮೆಯಲ್ಲಿ ಹುಟ್ಟಿದೆ. ಸವದತ್ತಿ ತಾಲೂಕಿನ ಸಿರಸಂಗಿಯ ಲಿಂಗರಾಜ ದೇಸಾಯಿಯವರು ತಾವೇ ದತ್ತುಮಗನಾಗಿ ಆ ಮನೆಗೆ ಬಂದವರು. 1906ರಲ್ಲಿ ತೀರಿಕೊಳ್ಳುವ ಮುನ್ನ ಮೃತ್ಯುಪತ್ರ ಬರೆದು ತಮ್ಮ ಜಹಗೀರಿನ ಆಸ್ತಿಯನ್ನು ಸಮಾಜದ ಮಕ್ಕಳ ಓದಿಗೆ ಬಿಟ್ಟರು. ಓದುವ ಹುಡುಗರನ್ನೇ ವಾರಸುದಾರರನ್ನಾಗಿ ಮಾಡಿದ ದೇಸಾಯಿ. 1933ರಲ್ಲಿ ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆ ತೆರೆದ ಕಾಲೇಜಿಗೆ ಅವರ ಹೆಸರೇ ಬಂತು.

ಮೈದಾನದ ವಿಷಯಕ್ಕೆ ಮರಳೋಣ. ಸ್ಪ್ರಿಂಗ್‌ಫೀಲ್ಡ್ ಬರುವ ಮೊದಲೂ ನಮ್ಮಲ್ಲಿ ಉತ್ತರಾಧಿಕಾರಿಯನ್ನು ಆರಿಸುವ ಒಂದು ಪದ್ಧತಿಯಿತ್ತು. ಗರಡಿಮನೆಯ ಪದ್ಧತಿ. ಕೆಂಪು ಮಣ್ಣಿಗೆ ಎಣ್ಣೆ, ಮಜ್ಜಿಗೆ, ಅರಿಷಿಣ ಬೆರೆಸಿ ಹದ ಮಾಡುವುದರಿಂದ ಹಿಡಿದು ಜಾತ್ರೆಯ ಕುಸ್ತಿಗೆ ಯಾವ ಜೋಡಿ ಬಿಡಬೇಕು ಎಂಬುದರವರೆಗೆ ವಸ್ತಾದನ ಮಾತೇ ಕೊನೆಯ ಮಾತು. ವಸ್ತಾದನಿಗೆ ವಯಸ್ಸಾಗುತ್ತಿದ್ದಂತೆ ಹಿರಿಯ ಶಿಷ್ಯನೊಬ್ಬ ಬೆಳಗಿನ ಸಾಮು ನಡೆಸಲು ತೊಡಗುತ್ತಾನೆ. ವಸ್ತಾದ ಗೋಡೆಗೊರಗಿ ಕೂತು ನೋಡುತ್ತಾನೆ, ತಪ್ಪಿದರೆ ಬೈಯುತ್ತಾನೆ. ಕೆಲವು ವರ್ಷ ಕಳೆದ ಮೇಲೆ ಬೈಗಳು ಕಡಿಮೆಯಾಗುತ್ತವೆ. ಇಂಥ ದಿನ ಒಬ್ಬ ಹೋಗಿ ಇನ್ನೊಬ್ಬ ಬಂದ ಎಂದು ಹೇಳಲು ಬರುವುದಿಲ್ಲ. ಅರ್ಜಿ, ಸಂದರ್ಶನ ಏನೂ ಇಲ್ಲ. ಅವನ ಪಟ್ಟಿಗೆ ಸಿಕ್ಕು ಎಲ್ಲರೂ ಒಮ್ಮೆಯಾದರೂ ಮಣ್ಣು ಮುಕ್ಕಿರುತ್ತಾರೆ, ಅದೇ ಅರ್ಹತಾಪತ್ರ.

ಹಾಗೆಂದು ಗರಡಿಯನ್ನು ಹಾಡಿ ಹೊಗಳಲು ನನಗೆ ಮನಸ್ಸಿಲ್ಲ. ಬೆಳವಡಿ ಮಲ್ಲಮ್ಮ ಹೆಣ್ಣುಮಕ್ಕಳ ದಂಡು ಕಟ್ಟಿ ಶಿವಾಜಿಯ ಸೈನ್ಯದೊಡನೆ ಕಾದಿದಳೆಂದು ಹೆಮ್ಮೆಪಡುವ ಈ ಸೀಮೆಯಲ್ಲಿಯೇ ಗರಡಿಯ ಹೊಸ್ತಿಲು ಹೆಣ್ಣುಮಕ್ಕಳಿಗೆ ತೆರೆದಿರಲಿಲ್ಲ. ಎಲ್ಲ ಜಾತಿಯವರಿಗೂ ಎಲ್ಲ ಗರಡಿಗಳೂ ತೆರೆದಿರಲಿಲ್ಲ. ಸಾವಿರ ದೋಷವಿದ್ದರೂ ಕಾಲೇಜಿನ ಮೈದಾನ ಹಾಗಲ್ಲ. ಪ್ರವೇಶ ಪಡೆದ ಯಾರೇ ಆಗಲಿ ಅಲ್ಲಿ ಓಡಬಹುದು. ಸವದತ್ತಿ ಕಡೆಯ ಹುಡುಗಿ ಟ್ರ್ಯಾಕ್ ಪ್ಯಾಂಟು ಹಾಕಿಕೊಂಡು ಬೆಳಗಿನ ಆರಕ್ಕೆ ಓಡಲು ಸಾಧ್ಯವಾದದ್ದು ಸರ್ಕಾರ ಸಂಬಳ ಕೊಡುವ ಒಬ್ಬ ಮನುಷ್ಯ ಶಿಳ್ಳೆ ಹಿಡಿದು ಅಲ್ಲಿ ನಿಂತಿದ್ದರಿಂದ. “ಆಟದ ಮಾಸ್ತರ ಇರ್ತಾರ” ಎಂಬ ಒಂದೇ ಭರವಸೆಗೆ ಅವಳ ಮನೆಯವರು ಕಳಿಸುತ್ತಿದ್ದರು. ಇತಿಹಾಸದ ಮಾಸ್ತರ ಇರುತ್ತಾರೆ ಎಂದರೆ ಅದೇ ಧೈರ್ಯ ಬರುವುದಿಲ್ಲ ಎಂಬುದು ನನಗೆ ಬೇಗ ಗೊತ್ತಾಯಿತು. ಒಂದೇ ಹಂಗಾಮಿನಲ್ಲಿ ಹುಡುಗಿಯರ ಖೊ-ಖೊ ತಂಡ ಒಡೆಯಿತು. ಯಾರೂ ಜಗಳವಾಡಲಿಲ್ಲ. ಒಬ್ಬೊಬ್ಬರಾಗಿ ಬರುವುದು ಬಿಟ್ಟರು, ಅಷ್ಟೆ.

ನಮ್ಮ ನಿವೃತ್ತ ಪಿ.ಡಿ. ಸರ್ ಊರಲ್ಲೇ ಇದ್ದಾರೆ. ಒಂದು ಭಾನುವಾರ ಅವರ ಮನೆಗೆ ಹೋಗಿ, ನೀವು ಹೇಳ್ರಿ, ನಾನು ಬರಕೋತೀನಿ ಎಂದೆ. ಮೊದಲು ಹಿಂಜರಿದರು. ಚಹಾ ಬಂದ ಮೇಲೆ ಶುರುವಾಯಿತು. ಒಂದೊಂದೇ ಊರಿನ ಹೆಸರು ಹಿಡಿದು ಹೇಳುತ್ತ ಹೋದರು. ಇಲ್ಲಿ ಕಬಡ್ಡಿ ಹುಡುಗರು ಗಟ್ಟಿ, ಕೆರೆ ತುಂಬಿದ ವರ್ಷ ಈಜು ಕಲಿತವರು ಆ ಊರಲ್ಲಿ ಸಿಗುತ್ತಾರೆ, ಈ ಓಣಿಯಲ್ಲಿ ಸಂಗ್ರಾಣಿ ಕಲ್ಲು ಎತ್ತುವ ಮನೆತನವಿದೆ, ಅವರ ಮಕ್ಕಳಿಗೆ ಗುಂಡು ಎಸೆತ ಹೇಳಿಕೊಡಬೇಕು. ರೈತರ ಮಕ್ಕಳನ್ನು ಜೋಳದ ಸುಗ್ಗಿಯಲ್ಲಿ ಅಭ್ಯಾಸಕ್ಕೆ ಕರೆಯಬಾರದು. ಯಲ್ಲಮ್ಮನ ಜಾತ್ರೆಯ ಹುಣ್ಣಿಮೆಯ ಆಸುಪಾಸಿನಲ್ಲಿ ಬಸ್ಸು ಸಿಗುವುದಿಲ್ಲ, ಪಂದ್ಯ ಇಟ್ಟುಕೊಳ್ಳಬಾರದು. ಮೂರು ತಾಸು ಹೇಳಿದರು. “ಇವೆಲ್ಲಾ ಯಾರರೆ ಕೇಳತಾರಂತ ನಾ ಅಂದುಕೊಂಡಿದ್ದಿಲ್ಲರಿ” ಎಂದರು. ಸಿರಸಂಗಿಯ ದೇಸಾಯಿಯವರ ಮೃತ್ಯುಪತ್ರದಷ್ಟು ಬೆಲೆಬಾಳುವ ಕಾಗದ ಅದು ಎಂದು ನನಗೆ ಅನ್ನಿಸಿತು, ಆದರೆ ಅವರ ಎದುರು ಹೇಳಲಿಲ್ಲ. ಮುಜುಗರಪಡುವ ಸ್ವಭಾವ ಅವರದು.

ಇನ್ನು ಹುಡುಕಾಟದ ನಿಯಮಗಳು. ವಿಶ್ವವಿದ್ಯಾಲಯ ಧನಸಹಾಯ ಆಯೋಗದ 2018ರ ನಿಯಮಾವಳಿಯಲ್ಲಿ ವಿಶ್ವವಿದ್ಯಾಲಯದ ದೈಹಿಕ ಶಿಕ್ಷಣ ಮತ್ತು ಕ್ರೀಡಾ ನಿರ್ದೇಶಕರಾಗುವವರಿಗೆ ಪಿಎಚ್.ಡಿ. ಬೇಕು, ವರ್ಷಗಳ ಅನುಭವ ಬೇಕು. ಸ್ಪರ್ಧೆಗಳನ್ನು, ಕನಿಷ್ಠ ಎರಡು ವಾರದ ತರಬೇತಿ ಶಿಬಿರಗಳನ್ನು ನಡೆಸಿದ ಪುರಾವೆ ಬೇಕು. ಒಳ್ಳೆಯ ಆಟಗಾರರನ್ನು ತಯಾರು ಮಾಡಿದ ಪುರಾವೆಯೂ ಬೇಕು. ಈ ಕೊನೆಯ ಷರತ್ತು ಬರೆದವರು ಯಾರೋ ಮೈದಾನ ಬಲ್ಲವರೇ ಇರಬೇಕು. ನಿಯಮಗಳಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ದೇಹದಾರ್ಢ್ಯದ ಪರೀಕ್ಷೆ. 12 ನಿಮಿಷ ಓಡಬೇಕು ಅಥವಾ ನಡೆಯಬೇಕು. ಗಂಡಸರಾದರೆ 30 ವರ್ಷದವರೆಗಿನವರು 1800 ಮೀಟರ್, 40ರವರೆಗಿನವರು 1500, 45ರವರೆಗಿನವರು 1200, 50ರವರೆಗಿನವರು 800 ಮೀಟರ್ ಮುಟ್ಟಬೇಕು. ಹೆಂಗಸರಿಗೆ 8 ನಿಮಿಷದ ಓಟ ಅಥವಾ ನಡಿಗೆ, ದೂರ ಕ್ರಮವಾಗಿ 1000, 800, 600, 400. ವಿಶ್ವವಿದ್ಯಾಲಯದ ಬೇರಾವ ಪ್ರಾಧ್ಯಾಪಕನಿಗೂ ಇಂಥ ಪರೀಕ್ಷೆಯಿಲ್ಲ. ಇದ್ದಿದ್ದರೆ ಇತಿಹಾಸ ವಿಭಾಗಗಳ ಗತಿ ಏನಾಗುತ್ತಿತ್ತೋ.

ನಿಯಮ ಚೆನ್ನಾಗಿದೆ, ಅರ್ಹರೂ ಇದ್ದಾರೆ. 2010ರಲ್ಲಿ ಬೆಳಗಾವಿಯಲ್ಲಿ ರಾಣಿ ಚೆನ್ನಮ್ಮ ವಿಶ್ವವಿದ್ಯಾಲಯ ಆರಂಭವಾದ ಮೇಲೆ ನಮ್ಮ ಹುಡುಗರಿಗೆ ಯುನಿವರ್ಸಿಟಿ ಬ್ಲೂ ಆಗುವ ದಾರಿ ಹತ್ತಿರವಾಗಿದೆ. ಬ್ಲೂ ಆದವರು ಎಂ.ಪಿ.ಎಡ್. ಮಾಡುತ್ತಾರೆ, ನೆಟ್ ಪಾಸಾಗುತ್ತಾರೆ. ಬಾರದೆ ಇರುವುದು ನೇಮಕದ ಅಧಿಸೂಚನೆ. ಹುದ್ದೆ ರದ್ದಾಗಿದೆ ಎಂದು ಯಾರೂ ಹೇಳಿಲ್ಲ, ತುಂಬುತ್ತೇವೆ ಎಂದೂ ಹೇಳಿಲ್ಲ. ಶಿಕಾಗೊದಲ್ಲಿ ಹಚಿನ್ಸ್ ಕಡೆಗೆ ಬಾಯಿಬಿಟ್ಟಾದರೂ ಹೇಳಿದ.

ನಮ್ಮ ಕಾಲೇಜಿನ ಹಳೆಯ ವಿದ್ಯಾರ್ಥಿಯೊಬ್ಬ ಇದ್ದಾನೆ. ರಾಮದುರ್ಗ ಕಡೆಯವನು, ಹಿಂದೆ 5000 ಮೀಟರ್ ಓಡುತ್ತಿದ್ದವನು. ಈಗ ಖಾಸಗಿ ಶಾಲೆಯೊಂದರಲ್ಲಿ ಅರೆಕಾಲಿಕ ಪಿ.ಟಿ. ಮಾಸ್ತರ. ಬೇಕಾದ ಓದೆಲ್ಲ ಮುಗಿಸಿ ಕಾಯುತ್ತಿದ್ದಾನೆ. ವಾರಕ್ಕೆರಡು ಸಲ ನಮ್ಮ ಮೈದಾನಕ್ಕೆ ಬಂದು ಸಂಬಳವಿಲ್ಲದೆ ಹುಡುಗರನ್ನು ಓಡಿಸುತ್ತಾನೆ. ಬಿಟ್ಟು ಹೋಗಿದ್ದ ಖೊ-ಖೊ ಹುಡುಗಿಯರಲ್ಲಿ ನಾಲ್ವರು ಮರಳಿದ್ದಾರೆ. ಭಾನುವಾರ ಬರೆದುಕೊಂಡ ಹಾಳೆಗಳ ಝೆರಾಕ್ಸ್ ಅವನಿಗೆ ಕೊಟ್ಟೆ.

“ಸರ್, ನನಗೀಗ ಮೂವತ್ತೊಂಬತ್ತು” ಎಂದ ಹೋದ ವಾರ. “ಈಗ ಕರೆದ್ರ ಸಾವಿರದ ಐದನೂರು ಮೀಟರ್ ಓಡಬೇಕು. ಇನ್ನೆರಡು ವರ್ಷ ತಡಾ ಮಾಡಿದ್ರ ಸಾವಿರದ ಎರಡನೂರು ಸಾಕು. ಮ್ಯಾಲೂ ತಡಾ ಆದ್ರ ಎಂಟನೂರು. ಸರ್ಕಾರದವ್ರು ನಮಗ ಪರೀಕ್ಷಾ ಹಗರ ಮಾಡಿಕೋತ ಹೊಂಟಾರ ನೋಡ್ರಿ.”

ಗಡಿಯಾರ ನನ್ನ ಕೈಗೆ ಕೊಟ್ಟು ಗೆರೆಯ ಮೇಲೆ ನಿಂತ. ನಮ್ಮ ಮೈದಾನದ ಒಂದು ಸುತ್ತು 200 ಮೀಟರ್. ಏಳೂವರೆ ಸುತ್ತು ಸಾಕಿತ್ತು. ಹುಡುಗರು ಎಣಿಸುತ್ತಿದ್ದರು. ಹನ್ನೆರಡು ನಿಮಿಷ ಮುಗಿಯಿತು ಎಂದು ನಾನು ಕೂಗುವಾಗ ಅವನು ಹದಿನಾಲ್ಕನೆಯ ಸುತ್ತಿನಲ್ಲಿದ್ದ.